ಗೋಮಾಳದ ಕುರುಚಲು ಕಾಡನ್ನು ಮರಳಿ ಬೆಳೆಸಲು ಯಾವ ಬೀಜ, ಎಲ್ಲಿಯ ಬೀಜ?

ಆನೇಕಲ್ ಕಡೆಯವರು

ಎಲ್ಲರಿಗೂ ನಮಸ್ಕಾರ. ಬನ್ನೇರುಘಟ್ಟ ಮತ್ತು ಆನೇಕಲ್ ನಡುವಿನ ನಮ್ಮೂರಿನಲ್ಲಿ ಕೆರೆಗೆ ಹೊಂದಿಕೊಂಡಂತೆ ಸುಮಾರು ನಾಲ್ಕು ಎಕರೆ ಗೋಮಾಳ ಉಳಿದಿದೆ. ಅದರ ಬಹುಭಾಗವನ್ನು ಲಂಟಾನ ಆವರಿಸಿಕೊಂಡಿತ್ತು. ಪಂಚಾಯಿತಿಯ ಒಪ್ಪಿಗೆ ಪಡೆದು, ಊರಿನವರೂ ಪಕ್ಕದ ಬಡಾವಣೆಯವರೂ ಸೇರಿ ಈ ಬೇಸಿಗೆಯಲ್ಲಿ ಅದನ್ನು ಬುಡಸಮೇತ ತೆಗೆಸಿದ್ದೇವೆ. ಮೇಲ್ಭಾಗದಲ್ಲಿ ಬಂಡೆ, ನಡುವೆ ಕೆಂಪು ಜಲ್ಲಿಮಣ್ಣಿನ ಇಳಿಜಾರು, ಕೆಳಗೆ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು, ಹೀಗೆ ಮೂರು ಬಗೆಯ ನೆಲ ಅಲ್ಲಿದೆ. ಅಲ್ಲಿ ಉದ್ಯಾನವನ ಮಾಡುವ ಉದ್ದೇಶ ನಮಗಿಲ್ಲ. ಹಿಂದೆ ಇದ್ದಂಥ ಕುರುಚಲು ಕಾಡು ಮರಳಬೇಕು, ಹಕ್ಕಿ, ಚಿಟ್ಟೆ, ಮುಂಗುಸಿಗಳಿಗೆ ನೆಲೆ ಸಿಗಬೇಕು ಎಂಬುದಷ್ಟೇ ಆಸೆ.

ಆನ್‌ಲೈನಿನಲ್ಲಿ ‘ದೇಶೀ ಕಾಡುಮರಗಳ ಬೀಜ’ ಎಂಬ ಪೊಟ್ಟಣವೊಂದನ್ನು ತರಿಸಿದೆವು. ಅದರ ಪಟ್ಟಿಯಲ್ಲಿ ಸಂಪಿಗೆ, ನಾಗಲಿಂಗ, ಗುಲ್‌ಮೊಹರ್, ಬನ್ನಿ, ಹೊಂಗೆ ಎಲ್ಲವೂ ಇವೆ. ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಸಂಗ್ರಹಿಸಿದ್ದು ಎಂಬ ಮಾಹಿತಿ ಮಾತ್ರ ಎಲ್ಲಿಯೂ ಇಲ್ಲ. ಇದನ್ನು ಬಿತ್ತಬಹುದೇ? ಇಲ್ಲದಿದ್ದರೆ ಬೀಜವನ್ನು ಎಲ್ಲಿಂದ ತರಬೇಕು? ರೋಹಿಣಿ ಮಳೆಯೊಳಗೆ ತಯಾರಾಗಬೇಕೆಂದಿದ್ದೇವೆ.

ಬೀಜ ಸಂಗ್ರಹಿಸುವವರು, ಮಾಗಡಿ ರಸ್ತೆ

ಸರ್, ಆ ಪೊಟ್ಟಣವನ್ನು ದಯವಿಟ್ಟು ಬಿತ್ತಬೇಡಿ. ನಾಗಲಿಂಗ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಸಂಪಿಗೆ ನಮ್ಮ ನಾಡಿನದೇ ಆದರೂ ಅದರ ಸಹಜ ನೆಲೆ ಮಲೆನಾಡಿನ ತೇವದ ಕಾಡು. ಆನೇಕಲ್ಲಿನ ಜಲ್ಲಿ ಇಳಿಜಾರು ಅಲ್ಲ. ನನಗೆ ಹೆಚ್ಚು ಆತಂಕ ಇರುವುದು ಬನ್ನಿಯ ಬಗ್ಗೆ. ಬನ್ನಿ ಎಂದು ಮಾರಿದ ಬೀಜದಿಂದ ಬಳ್ಳಾರಿ ಜಾಲಿ ಎಂಬ ಹೊರದೇಶದ ಕಳೆಮರ ಮೊಳೆತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಸಿ ಮೊಣಕಾಲೆತ್ತರ ಬಂದಾಗ ಮುಳ್ಳನ್ನು ನೋಡಿ: ಬಳ್ಳಾರಿ ಜಾಲಿಯ ಮುಳ್ಳು ಎಲೆ ಹೊರಡುವ ಗೆಣ್ಣಿನಲ್ಲಿ, ಹೆಚ್ಚಾಗಿ ಜೋಡಿಯಾಗಿ ಇರುತ್ತದೆ, ಬನ್ನಿಯ ಸಣ್ಣ ಮುಳ್ಳುಗಳು ಗೆಣ್ಣುಗಳ ನಡುವಿನ ಕಾಂಡದ ಮೇಲೆ ಚೆದುರಿರುತ್ತವೆ. ಆದರೆ ಅಷ್ಟು ಹೊತ್ತಿಗೆ ಅದು ಆಳವಾಗಿ ಬೇರುಬಿಟ್ಟಿರುತ್ತದೆ, ಕೀಳುವುದು ಸುಲಭವಲ್ಲ.

ನನ್ನ ಮೊದಲ ಸಲಹೆ ಏನೆಂದರೆ, ಏನನ್ನೂ ಕೊಳ್ಳುವ ಮೊದಲು ಒಂದು ಮಳೆಗಾಲ ಆ ನೆಲವನ್ನು ನೋಡಿ. ಲಂಟಾನದ ಅಡಿಯಲ್ಲಿ ವರ್ಷಗಟ್ಟಲೆ ಕುಳಿತ ಬೇರುಗಳು ಬೆಳಕು ಬಿದ್ದ ಕೂಡಲೇ ಚಿಗುರುತ್ತವೆ. ಕಾರೆ, ಕವಳೆ, ಬಂದರಿಕೆ, ಮುತ್ತುಗ, ಈಚಲು, ಇವೆಲ್ಲ ಕಡಿದರೂ ಮೇಯಿಸಿದರೂ ಬುಡದಿಂದ ಮತ್ತೆ ಬರುವಂಥವು. ತಾನಾಗಿ ಚಿಗುರಿದ ಒಂದು ಕಾರೆಯ ಬುಡ ನೀವು ನೆಡುವ ಹತ್ತು ಸಸಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅದರ ಬೇರು ಈಗಾಗಲೇ ಆ ಮಣ್ಣಿನ ಬೇಸಿಗೆಯನ್ನು ದಾಟಿ ಬಂದಿದೆ. ಆ ವರ್ಷ ನೀವು ಮಾಡಬೇಕಾದ ಕೆಲಸ ಮತ್ತೆ ಮೊಳೆಯುವ ಲಂಟಾನ ಸಸಿಗಳನ್ನು ಕೀಳುವುದು ಮತ್ತು ದನ, ಬೆಂಕಿ ಎರಡರಿಂದಲೂ ಕಾಯುವುದು.

ಬೀಜದ ವಿಷಯಕ್ಕೆ ಬಂದರೆ, ಗಿಡದ ಹೆಸರಿಗಿಂತ ಮೊದಲು ಅದರ ಹುಟ್ಟಿದೂರನ್ನು ಕೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಂದೇ ಜಾತಿಯ ಮರ ಮಳೆ ಹೆಚ್ಚಿರುವಲ್ಲಿ ಒಂದು ರೀತಿ, ಬಯಲುಸೀಮೆಯಲ್ಲಿ ಒಂದು ರೀತಿ ಒಗ್ಗಿಕೊಂಡಿರುತ್ತದೆ. ಎಲೆ ಉದುರಿಸುವ ಹೊತ್ತು, ಹೂ ಬಿಡುವ ಹೊತ್ತು, ಬೇರಿಳಿಸುವ ಆಳ ಎಲ್ಲವೂ ಬೇರೆಯಾಗಬಹುದು. ನಿಮ್ಮ ಸುತ್ತ ಹತ್ತು ಹದಿನೈದು ಕಿಲೋಮೀಟರಿನೊಳಗೆ, ನಿಮ್ಮದೇ ಬಗೆಯ ನೆಲದಲ್ಲಿ ತಾನಾಗಿ ಬೆಳೆದ ಮರಗಳನ್ನು ಹುಡುಕಿ. ಹಳೆಯ ಹೊಲದ ಬದು, ಬೇಲಿಸಾಲು, ಬಂಡೆಗುಡ್ಡ, ದೇವರ ಬನ, ಇವೇ ನಿಮ್ಮ ಬೀಜದ ಕಣಜ. ನಗರದ ರಸ್ತೆಬದಿಯ ಹೊಂಗೆಯ ಕೆಳಗೆ ಬೀಜ ರಾಶಿಯಾಗಿ ಬಿದ್ದಿರುತ್ತದೆ, ಗುಡಿಸಿ ತಂದುಬಿಡೋಣ ಎನ್ನಿಸುತ್ತದೆ. ಆದರೆ ಆ ಸಾಲುಮರಗಳ ಸಸಿ ಎಲ್ಲಿಂದ ಬಂದದ್ದೋ ಯಾರಿಗೂ ಗೊತ್ತಿರುವುದಿಲ್ಲ, ಇಡೀ ಸಾಲು ಒಂದೆರಡು ತಾಯಿಮರಗಳ ಸಂತಾನವೂ ಆಗಿರಬಹುದು.

ಒಂದೇ ಮರದಿಂದ ಚೀಲ ತುಂಬಿಕೊಳ್ಳಬೇಡಿ. ಒಂದಕ್ಕೊಂದು ದೂರದಲ್ಲಿರುವ ಕನಿಷ್ಠ ಹತ್ತಾರು ಮರಗಳಿಂದ, ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ನೋಡಲು ಚೆನ್ನಾಗಿರುವ ನೆಟ್ಟಗಿನ ಮರವನ್ನೇ ಆರಿಸುವುದು ಮರಮುಟ್ಟಿಗಾಗಿ ನೆಡುವವರ ಕ್ರಮ. ಕಾಡಿಗೆ ಕುಳ್ಳಗಿನದೂ ಬೇಕು, ಸೊಟ್ಟಗಿನದೂ ಬೇಕು, ಬೇಗ ಹಣ್ಣಾಗುವುದೂ ತಡವಾಗಿ ಹಣ್ಣಾಗುವುದೂ ಬೇಕು. ಕಾಡುಗಿಡಗಳ ಬೀಜ ಸಂಗ್ರಹಿಸುವ ಸಂಸ್ಥೆಗಳು ಪಾಲಿಸುವ ನಿಯಮವೊಂದಿದೆ: ಆ ದಿನ ಮಾಗಿರುವ ಬೀಜದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೆಗೆಯಬಾರದು. ಉಳಿದದ್ದು ಹಕ್ಕಿಗೆ, ಅಳಿಲಿಗೆ, ಆ ನೆಲಕ್ಕೆ.

ನರ್ಸರಿ ನಡೆಸುವವರು, ಹೆಸರಘಟ್ಟ ರಸ್ತೆ

ಮಾಗಡಿ ರಸ್ತೆಯ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ನಾನು ಬೀಜ ಕೈಗೆ ಬಂದ ಮೇಲಿನ ಕೆಲಸವನ್ನು ಹೇಳುತ್ತೇನೆ, ಏಕೆಂದರೆ ಒಳ್ಳೆಯ ಬೀಜವನ್ನು ತಂದು ಮೂಟೆಕಟ್ಟಿ ಮೂಲೆಯಲ್ಲಿಟ್ಟು ಕೊಂದವರನ್ನು ಬಹಳ ನೋಡಿದ್ದೇನೆ.

ಬೀಜಗಳಲ್ಲಿ ಮುಖ್ಯವಾಗಿ ಎರಡು ಸ್ವಭಾವ. ಒಣಗಿಸಿದರೆ ಬಾಳುವವು ಕೆಲವು, ಒಣಗಿದರೆ ಸಾಯುವವು ಕೆಲವು. ನೇರಳೆ, ಹಲಸು, ಹಿಪ್ಪೆ ಎರಡನೆಯ ಗುಂಪಿನವು. ನೇರಳೆಯ ಬೀಜವನ್ನು ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಸೇರಿಸಿಬಿಡಬೇಕು. ಒಂದೇ ನೇರಳೆ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು, ಗಾಬರಿಯಾಗಬೇಡಿ, ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ. ಬೇವೂ ಹೆಚ್ಚು ದಿನ ತಾಳುವುದಿಲ್ಲ. ಹಳದಿಯಾದ ಹಣ್ಣಿನ ತಿರುಳನ್ನು ನೀರಿನಲ್ಲಿ ಉಜ್ಜಿ ತೆಗೆದು, ನೆರಳಿನಲ್ಲಿ ಆರಿಸಿ, ಕೆಲವೇ ವಾರಗಳಲ್ಲಿ ಬಿತ್ತಬೇಕು. ಹೋದ ವರ್ಷದ ಬೇವಿನ ಬೀಜ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಕವಳೆಯನ್ನೂ ಹಣ್ಣು ಕಪ್ಪಾದ ಮೇಲೆ ತೊಳೆದು ಆಗಲೇ ಬಿತ್ತುವುದು ಒಳ್ಳೆಯದು.

ಜಾಲಿ, ಕಕ್ಕೆ, ಬಂದರಿಕೆಗಳು ಇದಕ್ಕೆ ವಿರುದ್ಧ. ಇವುಗಳ ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಬೀಜವನ್ನು ಹಾಕಿ ಮರುದಿನದವರೆಗೆ ಬಿಡಿ. ಒಲೆಯ ಮೇಲಿಟ್ಟೇ ಬೇಯಿಸಬಾರದು. ಬೆಳಿಗ್ಗೆ ನೋಡಿದರೆ ನೀರು ಕುಡಿದ ಬೀಜ ಊದಿಕೊಂಡಿರುತ್ತದೆ, ಕುಡಿಯದ್ದು ಹಾಗೆಯೇ ಇರುತ್ತದೆ, ಅದನ್ನು ಬೇರ್ಪಡಿಸಿ ಮತ್ತೊಮ್ಮೆ ಹಾಗೆಯೇ ಮಾಡಿ. ಕಕ್ಕೆಗೆ ನಾನು ಉಗುರು ಕತ್ತರಿಸುವ ಕಟರ್ ಬಳಸುತ್ತೇನೆ: ಹೊಕ್ಕುಳ, ಅಂದರೆ ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತು, ಇರುವ ತುದಿಯನ್ನು ಬಿಟ್ಟು ಇನ್ನೊಂದು ತುದಿಯಲ್ಲಿ ಸಿಪ್ಪೆಯನ್ನು ಸ್ವಲ್ಪವೇ ಚಿವುಟಿದರೆ ಒಳಗಿನ ಬಿಳುಪು ಕಾಣುತ್ತದೆ, ಅಷ್ಟು ಸಾಕು. ಕುರಿಮೇಕೆ ಸಾಕುವವರು ಹತ್ತಿರವಿದ್ದರೆ ದೊಡ್ಡಿಯನ್ನೂ ಒಮ್ಮೆ ನೋಡಿ. ಜಾಲಿಕಾಯಿ ತಿಂದ ಮೇಕೆಯ ಹೊಟ್ಟೆಯನ್ನು ದಾಟಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಆದರೆ ಬಳ್ಳಾರಿ ಜಾಲಿಯೂ ದನಕರುಗಳ ಹೊಟ್ಟೆಯಲ್ಲೇ ಪ್ರಯಾಣ ಮಾಡುತ್ತದೆ, ಹಾಗಾಗಿ ಆ ಮಂದೆ ಏನು ಮೇಯ್ದಿದೆ ಎಂದು ತಿಳಿದುಕೊಂಡೇ ತನ್ನಿ.

ನೆಲ್ಲಿಯ ಓಟೆಯನ್ನು ಬಿಸಿಲಿನಲ್ಲಿ ಹರಡಿದರೆ ಅದು ತಾನಾಗಿ ಸೀಳಿ ಬೀಜವನ್ನು ಚಿಮ್ಮಿಸುತ್ತದೆ, ಮೇಲೆ ತೆಳುಬಟ್ಟೆ ಮುಚ್ಚದಿದ್ದರೆ ಅಂಗಳದ ತುಂಬ ಆರಿಸುತ್ತಾ ಕೂರಬೇಕಾಗುತ್ತದೆ. ಆಲ, ಅತ್ತಿ, ಬಸರಿಗಳ ಬೀಜ ಧೂಳಿನಷ್ಟು ಸಣ್ಣದು, ಅದಕ್ಕೆ ಮಣ್ಣು ಮುಚ್ಚಬಾರದು. ತೇವವಾದ ಇಟ್ಟಿಗೆಪುಡಿಯ ಮೇಲೆ ಉದುರಿಸಿ ಬೆಳಕಿನಲ್ಲಿ ಇಡಬೇಕು.

ಸಸ್ಯಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ

ನರ್ಸರಿಯವರ ಮಾತಿಗೆ ದಿಂಡಿಗದ ವಿಷಯವನ್ನು ಸೇರಿಸಲೇಬೇಕು. ಸಾವನದುರ್ಗ, ಬನ್ನೇರುಘಟ್ಟಗಳ ಒಣ ಎಲೆಯುದುರು ಕಾಡಿನಲ್ಲಿ ದಿಂಡಿಗ ಮುಖ್ಯವಾದ ಮರ, ಕೆಲವರು ಬೆಜ್ಜಲು ಎನ್ನುತ್ತಾರೆ. ಗುಂಡಗಿನ ಪುಟ್ಟ ಗೊಂಚಲುಗಳಲ್ಲಿ ರಾಶಿ ರಾಶಿ ಬೀಜ ಬಿಡುತ್ತದೆ, ಒಂದು ಹಿಡಿ ಸಿಕ್ಕರೆ ಸಾವಿರಾರು ಸಸಿಗಳ ಕನಸು ಕಾಣಬಹುದು. ಬ್ಲೇಡಿನಿಂದ ಒಂದೊಂದನ್ನೇ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಬಹುಪಾಲು ಜೊಳ್ಳು. ಒಳಗೆ ಭ್ರೂಣವೇ ಇರುವುದಿಲ್ಲ. ಇದು ಸಂಗ್ರಹಿಸಿದವರ ತಪ್ಪಲ್ಲ, ಆ ಮರದ ಸ್ವಭಾವವೇ ಹಾಗೆ. ಆದ್ದರಿಂದ ಯಾವುದೇ ಬೀಜವನ್ನು ಬಿತ್ತುವ ಮೊದಲು ಕೈಗೆ ಬಂದಂತೆ ಒಂದಷ್ಟನ್ನು ಕೊಯ್ದು ನೋಡುವುದು ಒಳ್ಳೆಯ ಅಭ್ಯಾಸ: ಬಿಳಿಯಾಗಿ ತುಂಬಿಕೊಂಡಿದ್ದರೆ ಜೀವವಿದೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಟೊಳ್ಳಾಗಿದ್ದರೆ ಇಲ್ಲ.

ಮೂಲದ ವಿಷಯದಲ್ಲಿ ಮಳೆಯ ಅಂಕಿಯನ್ನು ನೆನಪಿಡಿ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸರಾಸರಿ 970 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7000 ಮಿಲಿಮೀಟರ್ ದಾಟುತ್ತದೆ. ಎರಡೂ ಕರ್ನಾಟಕವೇ, ಎರಡೂ ಕಡೆಯ ಮರಗಳು ದೇಶೀ ಮರಗಳೇ. ಆದರೂ ದಟ್ಟವಾಗಿ ನೆಟ್ಟು ಪೈಪಿನಿಂದ ನೀರುಣಿಸುವ ನಗರದ ಕಿರುಕಾಡುಗಳಲ್ಲಿ ಮಲೆನಾಡಿನ ಸಸಿಗಳನ್ನು ತಂದು ತುಂಬುವುದನ್ನು ನೋಡುತ್ತೇವೆ. ನೀರು ನಿಂತ ಮೇಲೆ ಅವುಗಳ ಗತಿಯೇನು ಎಂಬ ಪ್ರಶ್ನೆ ಒಂದು ಕಡೆಯಾದರೆ, ಬಿಸಿಲನ್ನು ಬೇಡುವ ಇಲ್ಲಿಯ ಕುರುಚಲು ಗಿಡಗಳಿಗೆ ಆ ನೆರಳಿನಲ್ಲಿ ಜಾಗವೇ ಉಳಿಯುವುದಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಶ್ರೀಗಂಧದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಅರೆಪರಾವಲಂಬಿ, ಬೇರಿನಿಂದ ಪಕ್ಕದ ಗಿಡದ ಬೇರನ್ನು ಹಿಡಿದು ಬದುಕುತ್ತದೆ. ನರ್ಸರಿಯಲ್ಲಿ ಅದರ ಚೀಲದಲ್ಲೇ ತೊಗರಿ ಹಾಕುವುದು ಅದಕ್ಕಾಗಿಯೇ. ನಿಮ್ಮ ಜಾಗದಲ್ಲಿ ಕಾರೆ, ಜಾಲಿಗಳು ನೆಲೆನಿಂತರೆ ಹಕ್ಕಿಗಳೇ ಅದನ್ನು ತಂದು ಬಿತ್ತುತ್ತವೆ. ಮೊದಲ ವರ್ಷವೇ ಅದರ ಹಿಂದೆ ಹೋಗಬೇಡಿ.

ಕೋಲಾರ ಕಡೆಯ ರೈತರು

ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ಹೇಳುತ್ತೇನೆ. ಹತ್ತು ಹದಿನೈದು ಕಿಲೋಮೀಟರಿನೊಳಗೆ ಎಂದು ನೀವು ಹೇಳುತ್ತೀರಿ. ಬೆಂಗಳೂರಿನ ಸುತ್ತ ಆ ಅಳತೆಯೊಳಗೆ ಈಗ ಉಳಿದಿರುವುದೇನು? ಬಡಾವಣೆಗಳ ನಡುವೆ ಸಿಕ್ಕಿಕೊಂಡ ನಾಲ್ಕು ಕಗ್ಗಲಿ, ಎರಡು ಬಿಳಿಜಾಲಿ. ಅವು ತಮ್ಮತಮ್ಮಲ್ಲೇ ಪರಾಗಸ್ಪರ್ಶವಾಗಿ ಬಿಟ್ಟ ಬೀಜ ಬಲಹೀನವಾಗಿರುವ ಸಾಧ್ಯತೆ ಇಲ್ಲವೇ? ಜೊತೆಗೆ ಬೇಸಿಗೆ ಹಿಂದಿನಂತಿಲ್ಲ. ಇಂದು ನೆಟ್ಟ ಮರ ಐವತ್ತು ವರ್ಷದ ನಂತರದ ಬಿಸಿಲನ್ನು ಎದುರಿಸಬೇಕು. ನಮ್ಮ ಕಡೆ ಮಳೆ ನಿಮಗಿಂತ ಕಡಿಮೆ, ಚಿತ್ರದುರ್ಗದ ಕಡೆ ಇನ್ನೂ ಕಡಿಮೆ. ಅಲ್ಲಿ ತಾಳಿಕೊಂಡ ಮರದ ಬೀಜವನ್ನು ಈಗಲೇ ಸ್ವಲ್ಪ ಬೆರೆಸುವುದು ಮುಂದಾಲೋಚನೆಯ ಕೆಲಸ ಎಂದು ನನಗನ್ನಿಸುತ್ತದೆ.

ಬೀಜ ಸಂಗ್ರಹಿಸುವವರು, ಮಾಗಡಿ ರಸ್ತೆ

ನಿಮ್ಮ ಮಾತನ್ನು ತಳ್ಳಿಹಾಕಲಾರೆ. ನಾಲ್ಕೇ ಮರ ಉಳಿದಿರುವಲ್ಲಿ ದೂರದ ಬೀಜ ಬೇಕೇ ಬೇಕು. ಅಲ್ಲಿ ಹತ್ತಿರದ್ದೇ ಆಗಬೇಕೆಂಬ ಹಟ ಆ ಜಾತಿಗೇ ಕೇಡು. ನಾನು ಕೇಳಿಕೊಳ್ಳುವುದು ಎರಡು ಸಂಗತಿ. ದೂರದ್ದು ಎಂದಾಗ ಅದು ಕೆಂಪುಮಣ್ಣಿನ, ಬಂಡೆಗುಡ್ಡದ, ಮೈದಾನದ ದೂರವಾಗಿರಲಿ. ಕೋಲಾರ, ತುಮಕೂರು, ರಾಮನಗರದ ಗುಡ್ಡಗಳು ಸರಿ, ಎರೆಮಣ್ಣಿನ ಸೀಮೆಯದು ಬೇಡ. ಹಾಗೆ ತಂದದ್ದು ಒಟ್ಟು ಬೀಜದಲ್ಲಿ ಕಿರಿಯ ಪಾಲಾಗಿರಲಿ, ಅದನ್ನು ಗೋಮಾಳದ ಒಂದು ಬದಿಯಲ್ಲಿ ಗುರುತುಹಾಕಿ ನೆಡಿ. ಎಲ್ಲವನ್ನೂ ಕಲಸಿ ಬಿತ್ತಿಬಿಟ್ಟರೆ ಯಾವುದು ಬದುಕಿತು, ಯಾವುದು ಸತ್ತಿತು, ಏಕೆ ಎಂದು ಮುಂದೆ ಯಾರೂ ಹೇಳಲಾರರು.

ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಿ. ಗಿಡ, ಊರು, ಸರ್ವೆ ನಂಬರು ಅಥವಾ ಫೋನಿನಲ್ಲಿ ಸಿಗುವ ಜಿಪಿಎಸ್ ಗುರುತು, ತಾಯಿಮರಗಳ ಸಂಖ್ಯೆ, ಸಂಗ್ರಹಿಸಿದ ದಿನ, ಇಷ್ಟನ್ನು ಬರೆಯದೆ ಒಂದು ಪೊಟ್ಟಣವನ್ನೂ ಕಟ್ಟಬೇಡಿ. ಬೀಜ ಮಾರುವವರಲ್ಲೂ ಇದನ್ನೇ ಕೇಳಿ. ಉತ್ತರ ಕೊಡಲಾರದವರಿಂದ ಕೊಳ್ಳಬೇಡಿ.

ಹುಲ್ಲುಗಾವಲು ನೋಡುವವರು, ಯಲಹಂಕ

ಇಷ್ಟು ಹೊತ್ತು ಎಲ್ಲರೂ ಮರದ ಮಾತೇ ಆಡಿದಿರಿ. ಹೆಸರಘಟ್ಟದ ಹುಲ್ಲುಗಾವಲನ್ನು ನೋಡಿದವರಿಗೆ ಗೊತ್ತು, ಮರವಿಲ್ಲದ ಬಯಲು ಬಂಜರಲ್ಲ. ಸೆಳೆವ ಎಂಬ ಬೇಟೆಹಕ್ಕಿಗಳು, ಬಾನಾಡಿಗಳು, ನೆಲದಲ್ಲೇ ಗೂಡುಕಟ್ಟುವ ಎಷ್ಟೋ ಹಕ್ಕಿಗಳು ಬದುಕುವುದು ಅಲ್ಲೇ. ನಿಮ್ಮ ನಾಲ್ಕು ಎಕರೆಯಲ್ಲಿ ಜಲ್ಲಿ ಇಳಿಜಾರಿನ ಒಂದು ಭಾಗ ಹುಲ್ಲಾಗಿಯೇ ಇದ್ದಿರಬಹುದು. ಊರಿನ ಹಿರಿಯರನ್ನು ಕೇಳಿ: ದನ ಎಲ್ಲಿ ಮೇಯುತ್ತಿತ್ತು, ಚಾವಣಿಗೆ ಹುಲ್ಲು ಎಲ್ಲಿ ಕೊಯ್ಯುತ್ತಿದ್ದರು? ಅವರು ತೋರಿಸಿದ ಜಾಗದಲ್ಲಿ ಗುಂಡಿ ತೋಡಬೇಡಿ.

ಹುಲ್ಲಿನ ಬೀಜ ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಹೆಚ್ಚಾಗಿ ಮೇವಿನ ತಳಿಗಳು, ಅವು ಬೇಡ. ಹತ್ತಿರದ ಒಳ್ಳೆಯ ಹುಲ್ಲುಬಯಲಿನಲ್ಲಿ ಮಳೆಗಾಲ ಮುಗಿದು ತೆನೆ ಮಾಗಿದಾಗ ಹುಲ್ಲನ್ನು ತೆನೆಸಮೇತ ಕೊಯ್ದು, ತಂದು ನಿಮ್ಮ ನೆಲದ ಮೇಲೆ ತೆಳ್ಳಗೆ ಹರಡಿ. ಬೀಜ ಉದುರುತ್ತದೆ, ಒಣಹುಲ್ಲು ಮಣ್ಣಿಗೆ ಮುಚ್ಚಿಗೆಯಾಗುತ್ತದೆ, ಹುಲ್ಲಿನ ಜೊತೆ ಬೆಳೆಯುವ ಸಣ್ಣಪುಟ್ಟ ಹೂಗಿಡಗಳ ಬೀಜವೂ ಬರುತ್ತದೆ. ಆದರೆ ತೆಗೆದ ಬಯಲಿನಲ್ಲಿ ಪಾರ್ಥೇನಿಯಂ ಇರಬಾರದು, ಇದ್ದರೆ ಅದೂ ಬರುತ್ತದೆ.

ಊಬು, ಅಂದರೆ ತುದಿಯಲ್ಲಿ ಕೂದಲಿನಂಥ ಉದ್ದನೆಯ ಎಳೆ, ಇರುವ ಹುಲ್ಲಿನ ಬೀಜವನ್ನು ಒಮ್ಮೆ ಅಂಗೈಯಲ್ಲಿಟ್ಟು ನೀರು ಚಿಮುಕಿಸಿ ನೋಡಿ. ತಿರುಚಿಕೊಂಡಿದ್ದ ಕಪ್ಪು ಊಬು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ಹಗಲು ಬಿಸಿಲು, ರಾತ್ರಿ ಇಬ್ಬನಿಯಲ್ಲಿ ತಿರುಗಿ ತಿರುಗಿ ಚೂಪಾದ ತುದಿಯನ್ನು ಮಣ್ಣಿನೊಳಗೆ ತಾನೇ ಕೊರೆದುಕೊಳ್ಳುತ್ತದೆ. ಇಂಥ ಬೀಜವನ್ನು ನಾವು ಹೂಳಬೇಕಾಗಿಲ್ಲ. ಉದುರಿದ ತಕ್ಷಣ ಮೊಳೆಯಲಿಲ್ಲವೆಂದು ನಿರಾಶರಾಗಲೂಬೇಡಿ; ಅದಕ್ಕೆ ಹಲವು ತಿಂಗಳ ಸುಪ್ತಾವಸ್ಥೆ ಇದೆ, ಮುಂದಿನ ಮುಂಗಾರಿಗೆ ಏಳುತ್ತದೆ.

ಬಡಾವಣೆಯ ನಿವಾಸಿ, ಜಿಗಣಿ

ಎರಡು ಸಣ್ಣ ಪ್ರಶ್ನೆಗಳು. ಹುಣಸೆ ನೆಡಬಹುದೇ? ನಮ್ಮ ಶಾಲೆಯ ಮಕ್ಕಳು ಬೀಜದುಂಡೆ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ, ಒಪ್ಪಿಕೊಳ್ಳಬಹುದೇ?

ಸಸ್ಯಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ

ಹುಣಸೆಯ ಮೂಲ ಆಫ್ರಿಕಾ, ಆದರೆ ಬಹು ಹಿಂದೆಯೇ ಬಂದು ನಮ್ಮ ಊರುಗಳ ಭಾಗವೇ ಆಗಿಬಿಟ್ಟಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಊರಿನ ಗುಂಡುತೋಪಿನಲ್ಲಿ ಖಂಡಿತ ನೆಡಿ, ಕುರುಚಲು ಕಾಡಿನ ಜಾಗದಲ್ಲಿ ಬೇಡ.

ಬೀಜದುಂಡೆಯಲ್ಲಿ ನೇರಳೆ, ಬೇವಿನಂಥ ಬೀಜ ಹಾಕಿ ತಿಂಗಳುಗಟ್ಟಲೆ ಒಣಗಿಸಿಟ್ಟರೆ ಒಳಗೇ ಸಾಯುತ್ತವೆ. ಗಟ್ಟಿ ಸಿಪ್ಪೆಯ ಜಾಲಿ, ಬಂದರಿಕೆ, ತಂಗಡಿಗಳಿಗೆ ಪರವಾಗಿಲ್ಲ. ಆದರೂ ಮಕ್ಕಳನ್ನು ಬೀಜ ಹುಡುಕಲು ಕರೆದುಕೊಂಡು ಹೋಗುವುದೇ ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ. ಯಾವ ಬದುವಿನಲ್ಲಿ ಯಾವ ಮರವಿದೆ ಎಂಬ ಪಟ್ಟಿಯನ್ನು ಅವರು ದೊಡ್ಡವರಿಗಿಂತ ಬೇಗ ಮಾಡುತ್ತಾರೆ.

ಅರಣ್ಯ ಇಲಾಖೆಯಿಂದ ನಿವೃತ್ತರಾದವರು, ವಿಜಯನಗರ

ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ನೀವು ಬನ್ನೇರುಘಟ್ಟದ ಮಗ್ಗುಲಲ್ಲೇ ಇದ್ದೀರಿ. ರಾಷ್ಟ್ರೀಯ ಉದ್ಯಾನದೊಳಗಿನಿಂದ ಒಂದು ಹಿಡಿ ಬೀಜವನ್ನೂ ಅನುಮತಿಯಿಲ್ಲದೆ ತರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಮೀಸಲು ಅರಣ್ಯದಲ್ಲಿ ಸಿಗುವ ಹಣ್ಣು, ಬೀಜಗಳೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನವೇ. ವಲಯ ಅರಣ್ಯಾಧಿಕಾರಿಗಳಿಗೆ ಪಂಚಾಯಿತಿಯ ನಿರ್ಣಯದ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಡಿ, ಯಾವ ಗಿಡದ ಬೀಜ, ಎಷ್ಟು, ಯಾವ ಜಾಗಕ್ಕೆ ಎಂದು ಸ್ಪಷ್ಟವಾಗಿ ಬರೆಯಿರಿ. ಖಾಸಗಿ ಹೊಲದ ಬದುವಾದರೆ ಮಾಲೀಕರನ್ನು ಕೇಳಿದರೆ ಸಾಕು.

ಇಲಾಖೆಯ ನರ್ಸರಿಗಳಲ್ಲಿ ಸಾರ್ವಜನಿಕರಿಗೆ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಅಲ್ಲಿ ಮುಂಗಾರಿಗೆ ಕೊಡುವ ಸಸಿಗಳ ಕೆಲಸ ತಿಂಗಳುಗಳ ಮೊದಲೇ ಶುರುವಾಗುವುದರಿಂದ, ಮುಂದಿನ ವರ್ಷಕ್ಕೆ ದಿಂಡಿಗ, ಕಗ್ಗಲಿ, ತಾರೆ ಬೇಕೆಂದರೆ ಈ ಮಳೆಗಾಲದಲ್ಲೇ ಹೋಗಿ ಕೇಳಬೇಕು. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸಿದ ದಾಖಲಾತಿ ಇದ್ದರೆ ತೆಗೆಸಿ ನೋಡಿ, ಊರಿನ ಗಿಡಮರಗಳ ಹೆಸರುಗಳು ಅದರಲ್ಲಿ ಸಿಗುತ್ತವೆ. ಇನ್ನೊಂದು ಮಾತು, ಕೆರೆ ಏರಿಯ ಮೇಲೆ ದೊಡ್ಡ ಮರಗಳ ಬೀಜ ಹಾಕಬೇಡಿ, ಬೇರು ಏರಿಯನ್ನು ಸಡಿಲಗೊಳಿಸುತ್ತದೆ.

ಆನೇಕಲ್ ಕಡೆಯವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪೊಟ್ಟಣವನ್ನು ಬಿತ್ತುವುದಿಲ್ಲ. ಕಳೆದ ವಾರ ಬಿದ್ದ ಮಳೆಗೆ ಬಂಡೆಯ ಪಕ್ಕದಲ್ಲಿ ಕಾರೆಯ ಬುಡಗಳು ನಿಜವಾಗಿಯೂ ಚಿಗುರಿವೆ, ಅವುಗಳ ಸುತ್ತ ಕಲ್ಲು ಜೋಡಿಸಿ ಗುರುತು ಮಾಡಿದ್ದೇವೆ. ನಮ್ಮ ಅಜ್ಜಿಯ ವಯಸ್ಸಿನ ಒಬ್ಬರು ಇಳಿಜಾರಿನ ಪೂರ್ವಭಾಗ ಪೂರ್ತಿ ಹುಲ್ಲೇ ಇತ್ತೆಂದು ತೋರಿಸಿದರು, ಅದನ್ನು ಹಾಗೆಯೇ ಬಿಡುತ್ತೇವೆ. ಈ ವರ್ಷ ಬದುಗಳಿಂದ ಹೊಂಗೆ, ಮುತ್ತುಗ, ಬೇವು, ತಗ್ಗಿಗೆ ನೇರಳೆ, ಇಷ್ಟನ್ನು ಮಾತ್ರ ಸಂಗ್ರಹಿಸುತ್ತೇವೆ. ಕೋಲಾರದ ಅಣ್ಣನವರು ಒಪ್ಪಿದರೆ ಅವರ ಕಡೆಯ ಬಿಳಿಜಾಲಿ ಬೀಜವನ್ನು ಪಶ್ಚಿಮದ ಅಂಚಿನಲ್ಲಿ ಬೇರೆಯಾಗಿ ಹಾಕುತ್ತೇವೆ.

ಒಂದು ಸಂದೇಹ ಉಳಿದಿದೆ. ಊರಿನ ರೈತರೊಬ್ಬರು ಸಂಕ್ರಾಂತಿಯ ಹೊತ್ತಿಗೆ ಬೇಲಿಯಿಂದ ಬಿಡಿಸಿಟ್ಟ ಕಗ್ಗಲಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದಾರೆ, ಕೆಲವದರಲ್ಲಿ ಸಣ್ಣ ತೂತುಗಳಿವೆ. ಉಪಯೋಗಕ್ಕೆ ಬರುತ್ತದೆಯೇ?

ಕೋಲಾರ ಕಡೆಯ ರೈತರು

ಖಂಡಿತ ಕೊಡುತ್ತೇನೆ. ಯಾವ ಗುಡ್ಡದ್ದು, ಎಷ್ಟು ಮರದ್ದು ಎಂದು ಬರೆದೇ ಕಳಿಸುತ್ತೇನೆ.

ನರ್ಸರಿ ನಡೆಸುವವರು, ಹೆಸರಘಟ್ಟ ರಸ್ತೆ

ತೂತು ಬಿದ್ದದ್ದು ಹುಳು ತಿಂದು ಹೊರಬಂದ ಬೀಜ. ಮೊದಲು ಪ್ಲಾಸ್ಟಿಕ್ಕಿನಿಂದ ತೆಗೆದು ನೆರಳಿನಲ್ಲಿ ಹರಡಿ, ತೂತಿನವನ್ನು ಆರಿಸಿ ಸುಟ್ಟುಬಿಡಿ, ಇಲ್ಲದಿದ್ದರೆ ಒಳಗೆ ಉಳಿದ ಹುಳು ಬೇರೆ ಬೀಜಗಳಿಗೂ ಹರಡುತ್ತದೆ. ಉಳಿದದ್ದರಲ್ಲಿ ನೂರನ್ನು ಎಣಿಸಿ, ಒದ್ದೆಯಾದ ಗೋಣಿಬಟ್ಟೆಯ ಮಡಿಕೆಯಲ್ಲಿಟ್ಟು ದಿನಾ ನೀರು ಚಿಮುಕಿಸಿ, ಎರಡು ವಾರದಲ್ಲಿ ಎಷ್ಟು ಮೊಳೆಯಿತೆಂದು ನೋಡಿ. ಅರ್ಧದಷ್ಟು ಬಂದರೆ ಸಸಿ ಬೆಳೆಸುವ ಚೀಲಕ್ಕೆ ಎರಡು ಬೀಜದಂತೆ ಹಾಕಿ, ಅದಕ್ಕಿಂತ ಕಡಿಮೆಯಾದರೆ ನಾಲ್ಕು. ಮಿಕ್ಕ ಬೀಜವನ್ನು ಬಟ್ಟೆಚೀಲದಲ್ಲಿ ಬೇವಿನೆಲೆಯ ಜೊತೆ ಕಟ್ಟಿ ತಂಪಾದ ಕಡೆ ತೂಗುಹಾಕಿ, ರೈತರ ಊರು ಮತ್ತು ಸಂಕ್ರಾಂತಿಯ ತಿಂಗಳನ್ನು ಚೀಲದ ಮೇಲೆಯೇ ಬರೆಯಿರಿ.